ಆಫೀಸಿಗೆ ಹೊರಟ ಗುಲಾಬಿ

ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚುವ ಹೊತ್ತಿಗೆ ಸೊಸೆ ಆಸ್ಪತ್ರೆಯಲ್ಲಿ ಇರಬೇಕಿತ್ತು. ಅವಳು ನರ್ಸರಿಯಲ್ಲಿ ನಿಂತು ಗಿಡ ಮಾರುವವನ ಪ್ರಾಣ ತಿನ್ನುತ್ತಿದ್ದಳು.

“ಕೆಂಪು ಗುಲಾಬೀನೇ ಬೇಕು. ಬುಡ ದಪ್ಪ ಇರಬೇಕು. ನೋಡಿದ್ರೆ ಹಳೇ ಗಿಡ ಅನ್ನಿಸಬೇಕು.”

“ಅಕ್ಕಾ, ಹಳೇ ಗಿಡ ಬೇಕಿದ್ರೆ ಮೊದಲೇ ತಗೊಂಡು ಹೋಗಬೇಕಿತ್ತು,” ಎಂದು ಅವನು ನಕ್ಕ. ಅವಳಿಗೆ ನಗುವ ಪುರುಸೊತ್ತು ಇರಲಿಲ್ಲ.

ಬಾಲ್ಕನಿಯ ಕುಂಡದಲ್ಲಿ ಮಾವ ನೆಟ್ಟಿದ್ದ ಗುಲಾಬಿ ಸತ್ತು ಎರಡು ವರ್ಷವಾಗಿತ್ತು. ಕೊಂದವಳು ಇವಳೇ. ಹೊಲಿಗೆಯ ಗಡಿಬಿಡಿಯಲ್ಲಿ ಒಂದು ದಿನ ಬ್ಲೀಚಿಂಗ್ ಪೌಡರ್ ಕಲಸಿದ ನೀರನ್ನು ಅದರ ಬುಡಕ್ಕೇ ಸುರಿದುಬಿಟ್ಟಿದ್ದಳು. ಮಾವ ತೀರಿಕೊಂಡ ಹೊಸತು. ಪೊರೆ ಬೆಳೆದು ಅತ್ತೆಗೆ ಎದುರಿಗಿದ್ದವರೂ ಮಸುಕಾಗುತ್ತಿದ್ದ ಕಾಲ. ‘ಗಿಡ ಹೋಯಿತು’ ಎನ್ನಲು ಸೊಸೆಗೆ ಬಾಯಿ ಬರಲಿಲ್ಲ. ಕೆಲವು ತಿಂಗಳ ಮೇಲೆ ಅದೇ ಕುಂಡದಲ್ಲಿ ಹೆಸರು ಗೊತ್ತಿಲ್ಲದ ಕಾಡುಗಿಡವೊಂದು ತಾನಾಗಿ ಹುಟ್ಟಿಕೊಂಡಿತು. ಸೊಸೆ ಅದನ್ನೇ ಗುಲಾಬಿ ಎಂದು ಸಾಧಿಸಿದಳು.

ದಿನಾ ಬೆಳಿಗ್ಗೆ ಅದರ ಮೇಲೆ ಪನ್ನೀರು ಚಿಮುಕಿಸುವುದು, ಅತ್ತೆಯ ಕೈ ಹಿಡಿದು ಕರೆತರುವುದು, ‘ಇವತ್ತು ಮೊಗ್ಗು ಬಿಟ್ಟಿದೆ ಅತ್ತೆ’ ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳುವುದು. ಪನ್ನೀರು ಮುಗಿದ ದಿನ ಗಂಡನ ಸೆಂಟು. ಅಂಥ ಒಂದು ದಿನ ಅತ್ತೆ ಮೂಗರಳಿಸಿ, “ಯಾಕೋ ಇವತ್ತು ಗುಲಾಬಿ ಆಫೀಸಿಗೆ ಹೊರಟ ಹಾಗಿದೆ,” ಎಂದಿದ್ದರು. ಅವರು ನೀರು ಹಾಕುತ್ತಾ ಗಿಡದ ಜೊತೆ ಹಳೆಯ ಕಥೆಗಳನ್ನೆಲ್ಲ ಹೇಳುತ್ತಿದ್ದರೆ, ಪಕ್ಕದಲ್ಲೇ ಹೊಲಿಗೆ ಯಂತ್ರ ತುಳಿಯುತ್ತಿದ್ದ ಸೊಸೆ ನಡುನಡುವೆ ಬಾಯಿ ಹಾಕುತ್ತಿದ್ದಳು. ಒಂದು ಕಾಲಕ್ಕೆ ಎಣ್ಣೆ ಸೀಗೆಕಾಯಿಯಂತಿದ್ದ ಇಬ್ಬರೂ ಆ ಕುಂಡದ ಮುಂದೆ ಗೆಳತಿಯರಾಗಿಬಿಟ್ಟಿದ್ದರು. ಈಗ ಕಣ್ಣು ಬಂದರೆ ಆ ಗೆಳೆತನಕ್ಕೇ ಕುತ್ತು. ಎಷ್ಟು ಹೇಳಿದರೂ ಆಪರೇಷನ್ ಬೇಡವೆಂದು ಕೂತಿದ್ದ ಅತ್ತೆ ಹೋದ ವಾರ ಇದ್ದಕ್ಕಿದ್ದ ಹಾಗೆ ಯಾಕೆ ಒಪ್ಪಿದರೋ!

ಅವಳು ಗಂಡನಿಗೆ ಫೋನ್ ಮಾಡಿದಳು. “ರೀ, ನಿಧಾನವಾಗಿ ಕರ್ಕೊಂಡು ಬನ್ನಿ. ಪಾರ್ಕಲ್ಲಿ ಸ್ವಲ್ಪ ಹೊತ್ತು ಕೂರಿಸಿ.”

“ಪಾರ್ಕಾ? ನಾವು ಮನೆಗೆ ಬಂದಾಯ್ತು. ಅಮ್ಮ ಆಗ್ಲೇ ಬಾಲ್ಕನಿಗೆ ಹೋದ್ರು.”

ಸೊಸೆ ಕೈಗೆ ಸಿಕ್ಕ ಗುಲಾಬಿಯನ್ನು ಮುಳ್ಳುಸಮೇತ ಅವುಚಿಕೊಂಡು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಾಗ, ಕಾಡುಗಿಡದ ಕುಂಡ ಅವಳ ಹೊಲಿಗೆ ಯಂತ್ರದ ಮೇಲೆ ಮಹಾರಾಣಿಯಂತೆ ಕೂತಿತ್ತು.

“ಡಾಕ್ಟರು ಬಗ್ಗಬಾರದು ಅಂದಿದ್ದಾರೆ. ಅಮ್ಮ ನೋಡಲೇಬೇಕು ಅಂತ ಹಟ ಹಿಡಿದ್ರು. ಅದಕ್ಕೇ ಎತ್ತಿಟ್ಟೆ,” ಎಂದು ಗಂಡ ಕೈಯ ಮಣ್ಣು ಕೊಡವಿದ. ಅತ್ತೆ ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಗಿಡಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು.

“ಅತ್ತೆ, ಅದು ಗುಲಾಬಿ ಅಲ್ಲ.” ಸೊಸೆ ತಂದ ಗಿಡವನ್ನು ಇನ್ನೂ ಅವುಚಿಕೊಂಡೇ ನಿಂತಿದ್ದಳು. “ಮಾವನ ಗಿಡಾನ ನಾನೇ ಸಾಯಿಸಿದೆ. ಇಷ್ಟು ದಿನ ನಿಮಗೆ ಸುಳ್ಳು ಹೇಳ್ತಿದ್ದೆ.”

“ಗೊತ್ತು ಕಣೆ,” ಎಂದರು ಅತ್ತೆ, ತಿರುಗಿಯೂ ನೋಡದೆ. “ಮಂಜಾಗಿದ್ದು ಕಣ್ಣು, ಕೈಗೇನಾಗಿತ್ತು? ಅವರ ಗುಲಾಬಿ ಮುಟ್ಟಿದಾಗೆಲ್ಲ ಚುಚ್ಚೋದು, ಥೇಟ್ ಅವರ ಹಾಗೇ. ಇದು ಪಾಪ, ಒಂದು ದಿನಾನೂ ಚುಚ್ಚಿಲ್ಲ.”

“ಗೊತ್ತಿದ್ದೂ ದಿನಾ ನೀರು ಹಾಕಿದ್ರಾ?”

“ಬಾಯಾರಿಕೆ ಗುಲಾಬಿಗೆ ಮಾತ್ರ ಆಗುತ್ತಾ? ಸಾಲದ್ದಕ್ಕೆ ನೀನು ಬೇರೆ, ಕಳ್ಳ ಬೆಕ್ಕಿನ ಹಾಗೆ ಬಂದು ಪುಸ್ ಪುಸ್ ಅಂತ ಹೊಡೆದು ಓಡಿಹೋಗ್ತಿದ್ದೆ. ಅದನ್ನ ಕೇಳಿಸ್ಕೊಳ್ಳೋಕೇ ನಾನು ಬೇಗ ಏಳ್ತಿದ್ದೆ. ನನಗೋಸ್ಕರ ಇಷ್ಟು ಕಷ್ಟಪಟ್ಟು ಸುಳ್ಳು ಹೇಳೋರು ಇನ್ಯಾರಿದ್ದಾರೆ ಹೇಳು?” ಅತ್ತೆ ಒಂದು ಕಡ್ಡಿಯನ್ನು ಮೆಲ್ಲಗೆ ಬೆಳಕಿಗೆ ಬಾಗಿಸಿದರು. “ಹೋದ ವಾರ ಇಲ್ಲೇನೋ ಸಣ್ಣಗೆ ಕೈಗೆ ಸಿಕ್ತು, ಮೊಗ್ಗಿನ ಥರ. ಇಷ್ಟು ದಿನ ನನ್ನ ಗೋಳೆಲ್ಲ ಕೇಳಿಸ್ಕೊಂಡಿರೋದು ಯಾರು ಅಂತ ಒಂದ್ಸಲ ನೋಡೋದು ಬೇಡ್ವಾ? ಅದಕ್ಕೇ ಆಪರೇಷನ್‌ಗೆ ಹೂಂ ಅಂದೆ. ಬಾ, ನೀನೂ ನೋಡು.”

ಸೊಸೆ ಕೆಂಪು ಗುಲಾಬಿಯನ್ನು ನೆಲಕ್ಕಿಟ್ಟು ಹತ್ತಿರ ಬಂದಳು. ಸಾಸಿವೆ ಕಾಳಿಗಿಂತ ಒಂದಿಷ್ಟು ದೊಡ್ಡದಾದ ನೀಲಿ ಹೂವು. ಪ್ರತಿ ದಳದ ಮೇಲೂ ಕೂದಲೆಳೆಯಂಥ ಬಿಳಿ ಗೆರೆ. ನಟ್ಟನಡುವೆ ಹಳದಿ ಪುಡಿ ಮೆತ್ತಿಕೊಂಡ ಒಂದು ಇರುವೆ, ಜಗತ್ತಿನ ಗೊಡವೆಯೇ ಇಲ್ಲದೆ ತನ್ನ ಪಾಡಿಗೆ ತಾನು ಕೆಲಸದಲ್ಲಿತ್ತು. ದಿನವೂ ಈ ಗಿಡದ ಮುಂದೆ ನಿಂತವಳು ತಾನು, ಇದನ್ನು ಒಮ್ಮೆಯೂ ನೋಡಿಲ್ಲವಲ್ಲ ಎಂದು ಅವಳಿಗೆ ಸೋಜಿಗವಾಯಿತು. ಅಳುವೂ ನಗುವೂ ಒಟ್ಟಿಗೇ ಬಂದು ಮೂಗು ಸೋರತೊಡಗಿತು. ಗಂಡನೂ ಬಗ್ಗಿ ನೋಡಿದ, ಸೊಸೆಯ ತಲೆಗೆ ಅವನ ತಲೆ ಢೀ ಕೊಟ್ಟಿತು, ಮೂವರೂ ನಕ್ಕರು.

ನಗು ನಿಂತ ಮೇಲೂ ಅತ್ತೆಯ ಕಣ್ಣು ಸೊಸೆಯ ಮುಖ ಬಿಟ್ಟು ಕದಲಲಿಲ್ಲ. ಗಲ್ಲ ಹಿಡಿದು ಅವಳ ಮುಖವನ್ನು ಬೆಳಕಿನ ಕಡೆ ತಿರುಗಿಸಿದರು.

“ಏನತ್ತೆ?”

“ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ನಾನು ನೋಡಿದ್ದು ಬರೀ ನೀನು ಗುಡಿಸದೆ ಬಿಟ್ಟ ಮೂಲೆಗಳನ್ನ,” ಎಂದರು ಅತ್ತೆ. “ನಿನ್ನ ಕೆನ್ನೆ ಮೇಲೆ ಮಚ್ಚೆ ಇದೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು.”