ಬೊಗಸೆ ನೀರು

ಮೊಹರಂ ಕಡೆಯ ದಿನ, ಕಳಿಸಿಕೊಡಲು ಕಾಲುವೆಯ ದಂಡೆಗೆ ತಂದ ಅಲಾಯಿ ದೇವರ ಮುಂದೆ, ಮೇಳದ ಹಿರಿಯ ಕಾಸಿಂಸಾಬ ರಿವಾಯತ್ ಎಂಬ ಶೋಕದ ಪದದ ಒಂದು ನುಡಿಯನ್ನು ಹಾರಿಸಿ ಮುಂದಿನದಕ್ಕೆ ದನಿ ಎತ್ತಿದ. ಮೇಳದವರು ಏನೂ ಆಗದವರಂತೆ ಹಿಂಬಾಲಿಸಿದರು. ಬಿಟ್ಟಿದ್ದು ಯಾವುದೆಂದು ಊರಿಗೆಲ್ಲ ಗೊತ್ತಿತ್ತು. ಕರ್ಬಲಾದ ಮರಳಿನಲ್ಲಿ ಬಾಯಾರಿದ ಹಸುಗೂಸನ್ನು ಎತ್ತಿ ಹಿಡಿದು ತಂದೆ ನೀರು ಬೇಡುವ ನುಡಿ. ವರ್ಷವೂ ಅದನ್ನು ಹಾಡುತ್ತಿದ್ದವನು ಕುರಿ ಕಾಯುವ ಮಾಳಿಂಗ.

ಮಾಳಿಂಗನ ಮಗ ಹಿಂದಿನ ವರ್ಷ ಇದೇ ಕಾಲುವೆಯಲ್ಲಿ ಮುಳುಗಿ ಸತ್ತಿದ್ದ. ಮೋರಟಗಿ ಸೀಮೆಗೆ ಆಗಷ್ಟೇ ಬಂದಿದ್ದ ನೀರು. ಊರೇ ಕಾಯಿ ಒಡೆದು ಬರಮಾಡಿಕೊಂಡಿದ್ದ ನೀರು. ಆಮೇಲೆ ಊರು ಎಲ್ಲಿಲ್ಲದ ನಾಜೂಕು ಕಲಿತುಬಿಟ್ಟಿತು. ಆ ಗಂಡಹೆಂಡಿರ ಮುಂದೆ ಯಾರೂ ನೀರು ಎನ್ನುತ್ತಿರಲಿಲ್ಲ. ಬಾಯಾರಿದವರೂ ಸನ್ನೆ ಮಾಡಿ ತಂಬಿಗೆ ಕೇಳುತ್ತಿದ್ದರು. ಮಾಳಿಂಗ ಹಾಡು ಬಿಟ್ಟ, ಮಾತೂ ಬಿಟ್ಟ. ಹೆಂಡತಿ ರೇವವ್ವನಿಗೆ ಮಗನ ಹೆಸರೆತ್ತಿ ಅಳಲು ಮನೆಯಲ್ಲೂ ಜತೆಯಿಲ್ಲ, ಊರಲ್ಲೂ ಇಲ್ಲ. ಒಬ್ಬಳೇ ಅತ್ತು ಅವಳಿಗೆ ಸಾಕಾಗಿತ್ತು.

ಈಗ ಅವಳು ಹೆಂಗಸರ ನಡುವಿನಿಂದ ಎದ್ದು ಬಂದಳು.

"ಕಾಕಾ, ಒಂದ್ ನುಡಿ ಯಾಕ ಬಿಟ್ರಿ?"

ಮರೆತೆ ಎಂದು ಕಾಸಿಂಸಾಬ ಗಡ್ಡ ನೀವಿಕೊಂಡ. ದೇವರನ್ನು ಕಳಿಸುವ ಹೊತ್ತು ಮೀರುತ್ತದೆ ಎಂದೂ ಸೇರಿಸಿದ. ಸುಳ್ಳು ಹೇಳಿ ರೂಢಿಯಿಲ್ಲದ ಮುದುಕ. ಎರಡೂ ನೆಪ ಒಟ್ಟಿಗೇ ಹೇಳಿ ಸಿಕ್ಕಿಬಿದ್ದ.

"ನಮಗ ನೋವಾಗತೈತಿ ಅಂತ ಆ ಕೂಸಿಂದು ಬಿಡಬ್ಯಾಡ್ರಿ. ಅದರ ಅವ್ವ ಏನ್ ತಪ್ಪ ಮಾಡ್ಯಾಳ್ರಿ?" ಎಂದವಳು ಮೇಳದ ಹಿಂದೆ ನಿಂತಿದ್ದ ಗಂಡನ ಕಡೆ ತಿರುಗಿದಳು. "ನೀವಽ ಹಾಡ್ರಿ."

ಮಾಳಿಂಗ ತಲೆ ತಗ್ಗಿಸಿ ನಿಂತ. ಹಲಗೆಯವನು ಮೆಲ್ಲಗೆ ಬಡಿಯುತ್ತಲೇ ಇದ್ದ. ಕೊನೆಗೆ ದನಿ ಹೊರಟಿತು, ತುಕ್ಕು ಹಿಡಿದ ದನಿ.

"ಬೊಗಸಿ ನೀರ ಕೊಡ್ರೆಪ್ಪೋ, ನನ್ನ ಕೂಸಿನ ತುಟಿ ಒಣಗ್ಯಾವೋ..."

'ನನ್ನ ಕೂಸು' ಎಂಬಲ್ಲಿ ಅದು ಒಡೆಯಿತು. ಆದರೂ ನಿಲ್ಲಿಸಲಿಲ್ಲ, ಅಳುತ್ತಲೇ ಹಾಡಿದ. ಮೇಳ ಕೂಡಿಕೊಂಡಿತು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಯಾವ ಕೂಸಿಗೆ ಅಳುತ್ತಿದ್ದೇವೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

ಮಗ ಹೋದಾಗಿನಿಂದ ರೇವವ್ವ ಕಾಲುವೆಯನ್ನು ಮುಟ್ಟಿರಲಿಲ್ಲ. ಈಗ ಮೆಟ್ಟಿಲಿಳಿದು ಒಂದು ಬೊಗಸೆ ನೀರು ತುಂಬಿಕೊಂಡಳು. ದಂಡೆ ಹತ್ತಿ ಬಂದು ದೇವರ ಮುಂದಿನ ಒಣಮಣ್ಣಿಗೆ ಬಿಟ್ಟಳು.

"ನಮ್ಮವಗ ನೀರ ಹೆಚ್ಚಾಗಿತ್ತು," ಎಂದಳು. "ಇದು ಆ ಕೂಸಿಗಿ."