ಕಾಗೆಗೆ ಇಟ್ಟ ವಡೆ

ಉದ್ದಿನವಡೆ ಕರಿಯುವ ವಾಸನೆ ಬಂದರೆ ಈಗಲೂ ನನಗೆ ಹಸಿವಾಗುವುದಿಲ್ಲ, ಸಿಟ್ಟು ಬರುತ್ತದೆ.

ಪಿತೃಪಕ್ಷದಲ್ಲಿ ಒಮ್ಮೆ ಅವ್ವ ನನ್ನನ್ನೂ ತಮ್ಮನನ್ನೂ "ನಾಕ ದಿನ ಇದ್ದು ಬರ್ರಿ" ಅಂತ ಪುಣೆಯ ಹಡಪಸರಕ್ಕೆ, ಅತ್ಯಾನ ಮನೆಗೆ ಕಳಿಸಿದ್ದಳು. ಅತ್ಯಾ ಅಪ್ಪನ ಅಕ್ಕ, ಮಕ್ಕಳಿರಲಿಲ್ಲ. ಮರುದಿನವೇ ಆಕೆಯ ಅತ್ತೆಯ ಶ್ರಾದ್ಧ. ಕಾಗೆ ಎಡೆ ಮುಟ್ಟುವ ತನಕ ಮಕ್ಕಳಿಗೂ ಊಟವಿಲ್ಲವಂತೆ! ಮನೆಯ ಮೇಲಿನ ಸುಡುವ ಗಚ್ಚಿಯಲ್ಲಿ ಬಾಳೆಎಲೆಯಲ್ಲಿ ವಡೆ ಒಣಗುತ್ತಿತ್ತು. ಅತ್ಯಾನ ಗಂಡ, ಮಾಮಾ, ಒದ್ದೆ ಧೋತರದಲ್ಲಿ ನಿಂತು "ಕಾವ್, ಕಾವ್" ಅಂತ ಕೂಗುತ್ತಿದ್ದರು. ಕಾಗೆಗಳು ಎದುರಿನ ನೀರಿನ ಟಾಕಿಯ ಮೇಲೆ ಕೂತು ಅವರನ್ನೇ ನೋಡುತ್ತಿದ್ದವು.

ತಮ್ಮ ಕಿಸಕ್ಕನೆ ನಕ್ಕ. ಅತ್ಯಾ ನಗಲಿಲ್ಲ. ಕೈಮುಗಿದು, ಸತ್ತ ಅತ್ತೆಯ ಜೊತೆಗೇ ಮಾತಿಗಿಳಿದಳು.

"ನಮ್ಮನ್ಯಾಗ ಒಂದು ಕೂಸು ಆಡಬೇಕು ಅಂತ ಭಾಳ ಆಸೆ ಇತ್ತಲ್ರಿ ನಿಮಗ? ಈ ಹುಡುಗೀನ್ನ ನಾವ ಇಟಗೋತೀವ್ರಿ, ತಿರುಗಿ ಕಳಸಂಗಿಲ್ಲ. ಈಗರೆ ಮುಟ್ರಿ."

ಟಾಕಿಯಿಂದ ಒಂದು ಕಾಗೆ ಹಾರಿ ಬಂತು.

ನನ್ನನ್ನು ಯಾರು ಕೇಳಿದರು? ಅದು ಕೊಕ್ಕು ಹಾಕುವ ಮೊದಲೇ ಓಡಿಹೋಗಿ ವಡೆ ಎತ್ತಿ ಬಾಯಿಗೆ ತುರುಕಿಕೊಂಡೆ.

"ಅಯ್ಯಯ್ಯ, ಎಡಿ ಎಂಜಲಾತು!" ಮಾಮಾ ಚೀರಿದರು.

"ಅವ್ವ ನಾಕ ದಿನ ಅಂತ ಹೇಳ್ಯಾಳ!" ನಾನೂ ಚೀರಿದೆ. ಈಗಲೇ ಹೊರಡೋಣ ಅಂತ ಕೆಳಗೆ ಓಡಿ, ಇಬ್ಬರ ಚೀಲವನ್ನೂ ಎಳೆದು ನೆಲಕ್ಕೆ ಸುರುವಿದೆ.

ತಮ್ಮನ ಚೀಲದಿಂದ ಎರಡು ಅಂಗಿ, ಎರಡು ಚಡ್ಡಿ ಬಿದ್ದವು. ನನ್ನ ಚೀಲದ ತಳದಿಂದ, ಅವ್ವ ನೀಟಾಗಿ ಮಡಚಿಟ್ಟಿದ್ದ ನನ್ನ ಚಳಿಗಾಲದ ಸ್ವೆಟರ್ ಬಿತ್ತು.