ತಂಗಳು ನೀರು

ನಲ್ಲಿ ತಿರುಗಿಸಿದ ಕೂಡಲೇ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಹೊಡೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಾನು ಚಿಕ್ಕವನಿದ್ದಾಗ, ಜಗಳೂರಿನ ನಮ್ಮ ಬೀದಿಗೆ ಆಗಷ್ಟೇ ನಲ್ಲಿ ಬಂದಿತ್ತು. ಅವ್ವ ತನ್ನ ತವರು ಸಾಸ್ವೆಹಳ್ಳಿಯಿಂದ ತಂದು ಹಿತ್ತಲಲ್ಲಿ ನೆಟ್ಟಿದ್ದ ಮಲ್ಲಿಗೆ ಗಿಡದ ಎಲೆಗಳು ಅಂಚು ಸುಟ್ಟಂತಾಗಿ, ಒಂದೊಂದೇ ಉದುರುತ್ತಿದ್ದವು. ಪಕ್ಕದ ಮನೆಯ ಮಾಲಿ ತಾತ ನೋಡಿ, "ನೀರಿಗೆ ಪೌಡ್ರು ಜಾಸ್ತಿ ಹಾಕ್ಯಾರೆ ಕಣಪ್ಪ. ಒಂದಿನ ತೆರೆದಿಟ್ರೆ ಘಾಟು ಹೋಗ್ತೈತೆ, ಆಮೇಲೆ ಹಾಕು," ಎಂದಿದ್ದ. ನಾನು ಸಾಲಿನಲ್ಲಿ ನಿಂತು ಒಂದು ಬಕೆಟ್ ಹಿಡಿದು, ತುಳುಕಿಸದೆ ಹೊತ್ತು ತಂದು ಹಿತ್ತಲಲ್ಲಿ ಇಟ್ಟೆ.

ಮರುದಿನ ಮಧ್ಯಾಹ್ನ ಶಾಲೆಯಿಂದ ಬಂದು ನೋಡಿದರೆ, ಬೂದಿ ಹಾಕಿ ತಿಕ್ಕಿದ ಬಕೆಟ್ ಬೋರಲು ಬಿದ್ದಿತ್ತು. ಬೆಳಗಾದರೆ ಹಿಂದಿನ ದಿನದ ನೀರು ಚೆಲ್ಲಿ, ತೊಳೆದು, ಹೊಸ ನೀರು ತುಂಬುವುದು ನಮ್ಮ ಮನೆಯಲ್ಲಿ ಅಜ್ಜಿಯ ಕೆಲಸ.

"ಅಜ್ಜಿ, ಅದು ಗಿಡಕ್ಕೆ ಇಟ್ಟಿದ್ದು!"

"ಗಿಡಕ್ಕೆ ತಂಗಳು ನೀರಾ? ನಿನಗೆ ತಂಗಳು ಮುದ್ದೆ ಕೊಟ್ರೆ ಮೂತಿ ತಿರುವ್ತೀಯ. ದೇವ್ರಿಗೆ ಹೂವು ಕೊಡೋ ಗಿಡ ಅದು. ಈಗಷ್ಟೇ ನಲ್ಲಿಯಿಂದ ಹೊಸಾ ನೀರು ತಂದು ಹೊಟ್ಟೆ ತುಂಬ ಹಾಕೀನಿ."

"ಆ ನೀರಿಂದಲೇ ಅದು ಸಾಯಾಕೆ ಹತ್ತೈತೆ!"

"ಊರೆಲ್ಲ ಅದನ್ನೇ ಕುಡಿದು ಬದುಕೈತೆ, ಗಿಡ ಸಾಯ್ತೈತಂತೆ!"

ಅವ್ವ ತನ್ನ ಅತ್ತೆಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಉದುರಿದ ಎಲೆಗಳನ್ನು ಆರಿಸಿ ಸೆರಗಿನಲ್ಲಿ ಹಾಕಿಕೊಳ್ಳುತ್ತ, "ಅಜ್ಜಿಗೆ ಎದುರು ಮಾತಾಡಬ್ಯಾಡ," ಎಂದು ನನಗೇ ಗದರಿದಳು.

ಹಲ್ಲು ಕಚ್ಚಿಕೊಂಡು ಬಕೆಟ್ ಎತ್ತಿ ಮತ್ತೆ ನಲ್ಲಿಗೆ ಹೊರಟೆ.

"ತುಂಬ್ಕೊಂಡು ಬಾರಪ್ಪ," ಅಜ್ಜಿ ಹಿಂದಿನಿಂದ ಅಕ್ಕರೆಯಿಂದಲೇ ಕೂಗಿದಳು, "ನಾಳೆ ಬೆಳಿಗ್ಗೆ ನಾನೇ ತೊಳೆದಿಡ್ತೀನಿ."